ಕೊಡಗಿನ ಲ್ಯಾಬಿಗೆ 750 ವ್ಯಾಟ್ ಸಾನಿಕೇಟರ್: ವೈಬ್ರಾ-ಸೆಲ್ ವಿಸಿಎಕ್ಸ್ 750 ವಿಮರ್ಶೆ

ಕಾಳುಮೆಣಸಿನ ಪುಡಿಯಿಂದ ಅದರ ಖಾರದ ಅಂಶವಾದ ಪೈಪರಿನ್ ಬಿಡಿಸಬೇಕು, ಏಲಕ್ಕಿ ಎಣ್ಣೆಯನ್ನು ನೀರಿನೊಳಗೆ ಹಾಲಿನ ಹಾಗೆ ಬೆರೆಸಬೇಕು, ಬ್ಯಾಕ್ಟೀರಿಯಾದ ಕೋಶ ಒಡೆಯಬೇಕು, ಕಾಫಿ ತೋಟದ ಕೆಂಪು ಮಣ್ಣಿನ ಗಂಟು ಬಿಡಿಸಬೇಕು. ಇಷ್ಟೂ ಕೆಲಸ ಒಂದೇ ಮೇಜಿನ ಮೇಲೆ ಆಗಬೇಕೆಂದರೆ ಪ್ರೋಬ್ ಸಾನಿಕೇಟರ್, ಅಂದರೆ ದ್ರವದೊಳಗೆ ಇಳಿಸಿದ ಲೋಹದ ಕಡ್ಡಿಯನ್ನು (ಪ್ರೋಬ್) ಅತಿ ವೇಗವಾಗಿ ಅದುರಿಸುವ ಯಂತ್ರ ಬೇಕು. ಚೆಟ್ಟಳ್ಳಿ, ಅಪ್ಪಂಗಳ, ಪೊನ್ನಂಪೇಟೆ, ಮಡಿಕೇರಿಯ ಕಡೆ ಬೆಳೆ, ಮಣ್ಣು, ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವರು ಕೊಟೇಶನ್ ಕೇಳಲು ಕೂತಾಗ ಎದುರಾಗುವ ಹೆಸರುಗಳಲ್ಲಿ ಅಮೆರಿಕದ ಸಾನಿಕ್ಸ್ ಅಂಡ್ ಮೆಟೀರಿಯಲ್ಸ್ ಕಂಪನಿಯ ವೈಬ್ರಾ-ಸೆಲ್ ವಿಸಿಎಕ್ಸ್ 750 ಒಂದು. ಈ ಬರಹ ಅದನ್ನು ಎದುರಿಗಿಟ್ಟುಕೊಂಡೇ ಬರೆದದ್ದು. 20 ಕಿಲೋಹರ್ಟ್ಸಿನ ಬೇರೆ ಕಂಪನಿಯ ಯಂತ್ರಗಳಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ತೀರ್ಪನ್ನು ಮೊದಲೇ ಹೇಳುವುದು ಒಳ್ಳೆಯದು. ಯಂತ್ರ ಗಟ್ಟಿ. ತಿಳಿದು ನಡೆಸಿದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬಂದಷ್ಟು ಸಾಮಾನನ್ನೇ ನಂಬಿ ಕೊಡಗಿನಲ್ಲಿ ಕೆಲಸ ಶುರು ಮಾಡಬಾರದು. ಇದರ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಲೋಹಕ್ಕೆ ಲೋಹ ಕೂಡುವ ಜಾಗದಲ್ಲಿ, ಅಂದರೆ ಅದುರು ಹುಟ್ಟಿಸುವ ಕನ್ವರ್ಟರಿಗೆ ಪ್ರೋಬ್ ಸೇರುವಲ್ಲಿ ಮತ್ತು ಪ್ರೋಬಿಗೆ ಅದರ ತುದಿಯ ತುಂಡು, ಅಂದರೆ ಟಿಪ್ ಸೇರುವಲ್ಲಿ. ಆ ಜಾಗಕ್ಕೆ ನಮ್ಮ ಮಳೆಗಾಲದ ತೇವ ಒಳ್ಳೆಯದಲ್ಲ.

ಯಂತ್ರದಲ್ಲಿ ಮೂರು ಭಾಗ. ಮೇಜಿನ ಮೇಲೆ ಕೂರುವ ಪವರ್ ಸಪ್ಲೈ ಗೋಡೆಯ 50 ಹರ್ಟ್ಸ್ ಕರೆಂಟನ್ನು 20,000 ಹರ್ಟ್ಸಿಗೆ ಏರಿಸುತ್ತದೆ. ಕೇಬಲ್ಲಿನ ಆಚೆ ತುದಿಯ ಕನ್ವರ್ಟರಿನೊಳಗೆ ಲೆಡ್ ಜಿರ್ಕೊನೇಟ್ ಟೈಟನೇಟ್ ಹರಳುಗಳಿವೆ. ಅವು ಆ ಕರೆಂಟಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ. ಆ ಅದುರನ್ನು ಹಿಗ್ಗಿಸಿ ದ್ರವಕ್ಕೆ ಕೊಡುವುದು ಟೈಟಾನಿಯಂ ಮಿಶ್ರಲೋಹದ ಪ್ರೋಬ್. ತುದಿ ಅದುರುವ ದೂರ ಮೈಕ್ರೋಮೀಟರಿನ ಲೆಕ್ಕದ್ದು, ಕಣ್ಣಿಗೆ ಕಾಣದು. ಆದರೆ ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ. ತುದಿ ಹಿಂದೆ ಸರಿದಾಗ ದ್ರವದಲ್ಲಿ ಸಣ್ಣ ಸಣ್ಣ ಗುಳ್ಳೆ ಹುಟ್ಟುತ್ತವೆ, ಮುಂದೆ ಬಂದಾಗ ಅವು ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಒಂದು ಕ್ಷಣ ಸಾವಿರಾರು ಡಿಗ್ರಿ ಶಾಖ, ನೂರಾರು ಪಟ್ಟು ವಾಯುಒತ್ತಡ. ಕೋಶದ ಗೋಡೆ ಒಡೆಯುವುದೂ ಅದೇ, ಎಣ್ಣೆಯ ಹನಿ ಚೂರಾಗುವುದೂ ಅದೇ, ಟಿಪ್ಪಿನ ಮುಖ ಸವೆಯುವುದೂ ಅದೇ.

ಈಗ 750 ವ್ಯಾಟಿನ ಮಾತು. ಕೊಳ್ಳುವವರು ಹೆಚ್ಚು ಮೋಸ ಹೋಗುವುದು ಇಲ್ಲಿ. ಯಂತ್ರದಲ್ಲಿ ನಾವು ಪರ್ಸೆಂಟಿನಲ್ಲಿ ಇಡುವುದು ಆಂಪ್ಲಿಟ್ಯೂಡ್, ಅಂದರೆ ತುದಿ ಎಷ್ಟು ದೂರ ಅದುರಬೇಕು ಎಂಬುದು. ಅಷ್ಟು ದೂರ ಅದುರಿಸಲು ಬೇಕಾದ ವ್ಯಾಟನ್ನು ಯಂತ್ರ ತಾನೇ ಎಳೆದುಕೊಳ್ಳುತ್ತದೆ. ಪ್ರೋಬ್ ಗಾಳಿಯಲ್ಲಿದ್ದರೆ ಅಲ್ಪ, ನೀರಿನಲ್ಲಿದ್ದರೆ ಹೆಚ್ಚು, ದಪ್ಪ ದ್ರವದಲ್ಲಿ ಇನ್ನೂ ಹೆಚ್ಚು. 750 ಎಂಬುದು ಅದು ಎಳೆಯಬಹುದಾದ ಮೇಲಿನ ಮಿತಿ ಮಾತ್ರ. ಬೀಕರಿನ ನೀರಿನಲ್ಲಿ 13 ಮಿಲಿಮೀಟರ್ ಪ್ರೋಬ್ ನಡೆಸುವಾಗ ಪರದೆಯ ಮೇಲೆ ನೂರರೊಳಗಿನ ಅಂಕಿ ಬಂದರೆ ಯಂತ್ರ ಕೆಟ್ಟಿದೆ ಎಂದು ದೂರು ಬರೆಯಬೇಕಿಲ್ಲ. ಹಾಗೆಯೇ ‘ಬೇರೆ ಲ್ಯಾಬಿನವರು 60 ಪರ್ಸೆಂಟಿನಲ್ಲಿ ಮಾಡಿದ್ದಾರೆ, ನಾವೂ 60 ಇಡೋಣ’ ಎಂಬುದೂ ಸರಿಯಲ್ಲ. ಅವರ ಯಂತ್ರ ಬೇರೆ, ಪ್ರೋಬಿನ ದಪ್ಪ ಬೇರೆ, ಬೀಕರ್ ಬೇರೆ ಆದರೆ ಅದೇ 60ಕ್ಕೆ ಅದೇ ಕೆಲಸ ಆಗುವುದಿಲ್ಲ.

ಪರದೆಯ ವ್ಯಾಟ್ ಪ್ರೋಬಿಗೆ ಹೋದದ್ದನ್ನು ಹೇಳುತ್ತದೆ. ದ್ರವಕ್ಕೆ ಎಷ್ಟು ಇಳಿಯಿತು ಎಂದು ತಿಳಿಯಲು ಶಾಖ ಅಳೆಯಬೇಕು. ಥರ್ಮೋಕೋಲಿನಲ್ಲಿ ಸುತ್ತಿದ ಬೀಕರಿನಲ್ಲಿ 100 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್ ತೆಗೆದುಕೊಳ್ಳಿ, ಕೋಣೆಯ ತಾಪಕ್ಕೆ ಬರಲಿ. ಥರ್ಮಾಮೀಟರನ್ನು ಪ್ರೋಬಿನಿಂದ ದೂರ, ಬೀಕರಿನ ಅಂಚಿನ ಕಡೆ ಇಡಿ. ಪಲ್ಸ್ (ಬಿಟ್ಟು ಬಿಟ್ಟು ನಡೆಸುವುದು) ಇಲ್ಲದೆ ಸರಿಯಾಗಿ ಒಂದು ನಿಮಿಷ ನಡೆಸಿ, ಕೂಡಲೇ ಕಲಕಿ ತಾಪ ಓದಿ. ನೀರಿನ ತೂಕವನ್ನು 4.18ರಿಂದ, ಅದನ್ನು ಏರಿದ ಡಿಗ್ರಿಯಿಂದ ಗುಣಿಸಿ, 60ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಉದಾಹರಣೆಗೆ 12 ಡಿಗ್ರಿ ಏರಿದರೆ 100 × 4.18 × 12 ಅಂದರೆ 5,016 ಜೌಲ್. ಸುಮಾರು 84 ವ್ಯಾಟ್. ಹೊಸ ಟಿಪ್ ಹಾಕಿದ ದಿನವೇ 40, 60, 80 ಪರ್ಸೆಂಟಿಗೆ ಹೀಗೆ ಮೂರು ಅಂಕಿ ತೆಗೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಡಿ. ತಿಂಗಳಿಗೊಮ್ಮೆ ಮತ್ತೆ ಅಳೆದು ನೋಡಿ. ಅದೇ ಪರ್ಸೆಂಟಿಗೆ ವ್ಯಾಟ್ ಇಳಿಯುತ್ತ ಬಂದರೆ ಟಿಪ್ ಸವೆದಿದೆ ಅಥವಾ ಸಂದು ಸಡಿಲವಾಗಿದೆ.

ಯಾವ ಪ್ರೋಬಿಗೆ ಎಷ್ಟು ದ್ರವ ಎಂಬುದನ್ನು ಬದಲಾಯಿಸಲು ಆಗದು. 3 ಮಿಲಿಮೀಟರ್ ಮೈಕ್ರೋಟಿಪ್ 10 ಮಿಲಿಲೀಟರಿನವರೆಗೆ, 6 ಮಿಲಿಮೀಟರಿನದು 10ರಿಂದ 50ರವರೆಗೆ, ಯಂತ್ರದ ಜೊತೆ ಬರುವ 13 ಮಿಲಿಮೀಟರ್ ಪ್ರೋಬ್ 10ರಿಂದ 250ರವರೆಗೆ. ಪ್ರೋಬ್ ಸಣ್ಣದಾದಷ್ಟೂ ತುದಿಯ ಅದುರು ಜೋರು, ಕೆಲಸ ಮಾಡುವ ಜಾಗ ಕಿರಿದು. ಅದಕ್ಕೇ ಈ ಯಂತ್ರದಲ್ಲಿ ಮೈಕ್ರೋಟಿಪ್ಪಿಗೆ 40 ಪರ್ಸೆಂಟ್ ದಾಟಬಾರದು ಎಂಬ ಕಟ್ಟಳೆ ಇದೆ. ದೊಡ್ಡ ಪ್ರೋಬಿನಲ್ಲಿ 70 ಇಟ್ಟು ಕೆಲಸ ಮಾಡಿದವರು ಮೈಕ್ರೋಟಿಪ್ ಹಾಕಿದಾಗ ಅದನ್ನು ಇಳಿಸಲು ಮರೆತರೆ ಟಿಪ್ ಕುತ್ತಿಗೆಯಲ್ಲಿ ಬಿರುಕು ಬಿಡುತ್ತದೆ. ಗಾಳಿಯಲ್ಲಿ ಮೈಕ್ರೋಟಿಪ್ಪನ್ನು 10 ಸೆಕೆಂಡಿಗಿಂತ ಹೆಚ್ಚು ನಡೆಸಿದರೂ ಅದೇ ಗತಿ. ಹಾಗಾಗಿ ಆನ್ ಮಾಡುವ ಮೊದಲು ತುದಿ ದ್ರವದಲ್ಲಿರಬೇಕು, ಆಫ್ ಆದ ಮೇಲೆಯೇ ಹೊರಗೆ ತೆಗೆಯಬೇಕು.

ಇನ್ನು ಸಂದಿನ ಮಾತು. 20 ಕಿಲೋಹರ್ಟ್ಸಿಗೆ ಟೈಟಾನಿಯಂನಲ್ಲಿ ಅರ್ಧ ತರಂಗದ ಉದ್ದ ಸುಮಾರು 12–13 ಸೆಂಟಿಮೀಟರ್; ಪ್ರೋಬನ್ನು ಆ ಉದ್ದಕ್ಕೇ ಕಡೆದು ಮಾಡಿರುತ್ತಾರೆ. ಕನ್ವರ್ಟರಿನ ಮುಖವೂ ಪ್ರೋಬಿನ ಮುಖವೂ ಒಂದೇ ಲೋಹದ ಹಾಗೆ ಕೂಡಿದ್ದರೆ ಮಾತ್ರ ಅದುರು ದಾಟುತ್ತದೆ. ನಡುವೆ ಒಂದು ಹರಳು ಧೂಳು, ಒಣಗಿದ ಬಫರಿನ ಉಪ್ಪು ಅಥವಾ ತೆಳುವಾದ ಕಿಲುಬು ಇದ್ದರೂ ಆ ಶಕ್ತಿ ಅಲ್ಲೇ ಶಾಖವಾಗಿ ಎರಡೂ ಮುಖಗಳನ್ನು ತಿನ್ನುತ್ತದೆ. ಒಮ್ಮೆ ಗುಳಿ ಬಿದ್ದ ಮುಖ ಆಮೇಲೆ ಎಷ್ಟು ಬಿಗಿದರೂ ಕೂಡುವುದಿಲ್ಲ. ಆದ್ದರಿಂದ ಪ್ರೋಬ್ ಹಾಕುವ ಪ್ರತಿ ಸಲವೂ ಎರಡೂ ಮುಖ, ತಿರುಪಿನ ಎಳೆ ಇವನ್ನು ಸ್ಪಿರಿಟ್ ಹಾಕಿದ ನಾರಿಲ್ಲದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಕೈಯಿಂದ ಕೊನೆಯವರೆಗೆ ತಿರುಗಿಸಿ, ಆಮೇಲೆ ಜೊತೆಗೆ ಬಂದ ಸ್ಪ್ಯಾನರುಗಳಿಂದ ಬಿಗಿಯಬೇಕು. ಬರಿಗೈಯ ಬಿಗಿ ಸಾಲದು. ಗ್ರೀಸ್, ವಾಷರ್, ಪ್ಲಂಬರಿನ ಟೇಪು ಯಾವುದೂ ಬೇಡ. ‘ಚೆನ್ನಾಗಿ ಕೂರಲಿ’ ಎಂದು ಹಾಕಿದ ಒಂದು ತೊಟ್ಟು ಗ್ರೀಸು ಸಾಕು, ಅದುರು ದಾಟದೆ ಓವರ್‌ಲೋಡ್ ದೀಪ ಹತ್ತುತ್ತದೆ. ಟಿಪ್ ಬಿಚ್ಚುವಾಗ ಸ್ಪ್ಯಾನರ್ ಹಿಡಿಯಬೇಕಾದದ್ದು ಪ್ರೋಬನ್ನು. ಕನ್ವರ್ಟರಿನ ಮೈಯನ್ನು ವೈಸಿಗೆ ಕೊಟ್ಟು ತಿರುಗಿಸಿದರೆ ಒಳಗಿನ ಹರಳಿನ ಜೋಡಣೆ ಜರುಗುತ್ತದೆ.

ಸ್ಟ್ಯಾಂಡಿಗೆ ಕ್ಲ್ಯಾಂಪ್ ಮಾಡುವುದು ಮಾತ್ರ ಕನ್ವರ್ಟರಿನ ಮೈಗೆ. ಪ್ರೋಬಿಗೆ ಕ್ಲ್ಯಾಂಪ್ ಹಾಕಿದರೆ ಅದುರೆಲ್ಲ ಸ್ಟ್ಯಾಂಡಿಗೆ ಹೋಗುತ್ತದೆ, ಕ್ಲ್ಯಾಂಪು ಸುಡುತ್ತದೆ. ನಡೆಯುತ್ತಿರುವ ಪ್ರೋಬನ್ನು ಮುಟ್ಟಬಾರದು. ಗ್ಲವ್ಸ್ ಹಾಕಿ ಮುಟ್ಟಿದರೂ ಚರ್ಮ ಒಳಗೆ ಸುಡುತ್ತದೆ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಪ್ರೋಬಿಗೆ ಒಡ್ಡುವ ಅಭ್ಯಾಸ ಬಹಳ ಲ್ಯಾಬುಗಳಲ್ಲಿದೆ. ಅದನ್ನು ನಿಲ್ಲಿಸಲೇಬೇಕು. ಕೈ ಸ್ವಲ್ಪ ಅಲುಗಿ ಟಿಪ್ ಗಾಜಿಗೆ ತಾಗಿದರೆ ಟ್ಯೂಬು ಬೆರಳಿನ ನಡುವೆಯೇ ಒಡೆಯುತ್ತದೆ.

ಒಂದು ಸರಿಯಾದ ಓಟ ಹೇಗಿರಬೇಕು? ಬೀಕರ್ ಅಗಲಕ್ಕಿಂತ ಎತ್ತರವಾಗಿರಲಿ. ಅಗಲ ಬೀಕರಿನಲ್ಲಿ ಮೂಲೆಯ ದ್ರವ ತುದಿಯ ಕೆಳಗೆ ಬರುವುದೇ ಇಲ್ಲ. 13 ಮಿಲಿಮೀಟರ್ ಪ್ರೋಬ್ ಮೂರರಿಂದ ಐದು ಸೆಂಟಿಮೀಟರ್ ಮುಳುಗಲಿ, ಮೈಕ್ರೋಟಿಪ್ ಒಂದೂವರೆ ಸೆಂಟಿಮೀಟರಿನಷ್ಟು. ತಳದಿಂದ, ಗೋಡೆಯಿಂದ ಕನಿಷ್ಠ ಒಂದು ಸೆಂಟಿಮೀಟರ್ ಬಿಡುವಿರಲಿ. ಕಡಿಮೆ ಮುಳುಗಿಸಿದರೆ ತುದಿ ಮೇಲಿನ ಗಾಳಿಯನ್ನು ಒಳಗೆಳೆದು ನೊರೆ ಎಬ್ಬಿಸುತ್ತದೆ. ನೊರೆಯೊಳಗೆ ಗುಳ್ಳೆ ಕುಸಿಯುವುದಿಲ್ಲ, ಕೆಲಸ ನಡೆಯುವುದಿಲ್ಲ. ಸದ್ದು ಚರಚರ ಎಂದು ಬದಲಾಗುತ್ತದೆ, ಪರದೆಯ ವ್ಯಾಟ್ ತಟ್ಟನೆ ಬೀಳುತ್ತದೆ. ಆಗ ಆಂಪ್ಲಿಟ್ಯೂಡ್ ಏರಿಸುವುದು ತಪ್ಪು ಮದ್ದು. ನಿಲ್ಲಿಸಿ, ನೊರೆ ಇಳಿಯಲು ಬಿಟ್ಟು, ಬೇಕಾದರೆ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ, ಪ್ರೋಬನ್ನು ಇನ್ನಷ್ಟು ಇಳಿಸಿ, ಕಡಿಮೆ ಆಂಪ್ಲಿಟ್ಯೂಡಿನಿಂದ ಮತ್ತೆ ಶುರು ಮಾಡಬೇಕು.

ಶಾಖಕ್ಕೆ ಎರಡು ಹಿಡಿತ ಇವೆ: ಐಸು ಮತ್ತು ಪಲ್ಸ್. ಬರೀ ಐಸಿನ ತುಂಡುಗಳ ಮೇಲೆ ಬೀಕರ್ ಇಟ್ಟರೆ ಅದು ತಾಗುವುದು ನಾಲ್ಕಾರು ಕಡೆ ಮಾತ್ರ. ಐಸಿಗೆ ನೀರು ಹಾಕಿ ಅಂಬಲಿಯ ಹಾಗೆ ಮಾಡಿ, ಒಳಗಿನ ದ್ರವದ ಮಟ್ಟಕ್ಕಿಂತ ಮೇಲೆ ಬರುವಂತೆ ಸುತ್ತ ತುಂಬಬೇಕು. ಪಲ್ಸ್ 5 ಸೆಕೆಂಡ್ ಆನ್, 10 ಸೆಕೆಂಡ್ ಆಫ್ ಇಟ್ಟರೆ ಮೂರು ನಿಮಿಷದ ಕೆಲಸಕ್ಕೆ 36 ಪಲ್ಸ್, ಗಡಿಯಾರದಲ್ಲಿ ಒಂಬತ್ತು ನಿಮಿಷ. ದಾಖಲೆ ಪುಸ್ತಕದಲ್ಲಿ ‘ಮೂರು ನಿಮಿಷ’ ಎಂದಷ್ಟೇ ಬರೆದರೆ ಅದು ಆನ್ ಇದ್ದ ಹೊತ್ತೋ ಒಟ್ಟು ಹೊತ್ತೋ ಮುಂದಿನವರಿಗೆ ತಿಳಿಯುವುದಿಲ್ಲ, ಎರಡನ್ನೂ ಬರೆಯಿರಿ. ಯಂತ್ರದಲ್ಲಿ ತಾಪ ನಿಯಂತ್ರಣದ ಏರ್ಪಾಡಿದೆ, ನಿಗದಿ ಮಾಡಿದ ಡಿಗ್ರಿ ಮುಟ್ಟಿದರೆ ತಾನೇ ನಿಲ್ಲುತ್ತದೆ. ಆದರೆ ಅದಕ್ಕೆ ಬೇಕಾದ ತಾಪದ ಪ್ರೋಬನ್ನು ಬೇರೆಯಾಗಿ ಕೊಳ್ಳಬೇಕು. ಈ ಯಂತ್ರದ ಬಗ್ಗೆ ಇರುವ ನಿಜವಾದ ದೂರು ಇದು: ಇಷ್ಟು ಬೆಲೆಯ ಯಂತ್ರದ ಜೊತೆ ಆ ಒಂದು ಕಡ್ಡಿ ಕೊಟ್ಟೇ ಕಳಿಸಬೇಕಿತ್ತು.

ಪ್ರತಿ ಕೆಲಸಕ್ಕೂ ಅದರದೇ ಹದ ಇದೆ. ಏಲಕ್ಕಿ ಎಣ್ಣೆಯ ಸಣ್ಣ ಹನಿಯ ಎಮಲ್ಷನ್ನಿಗೆ ಎಣ್ಣೆ 5 ಭಾಗ, ಎಣ್ಣೆಯನ್ನೂ ನೀರನ್ನೂ ಕೂಡಿಸುವ ಪಾಲಿಸಾರ್ಬೇಟ್ 80 ಐದು ಭಾಗ, ನೀರು 90 ಭಾಗ ಒಳ್ಳೆಯ ಆರಂಭ. ನೇರವಾಗಿ ಪ್ರೋಬ್ ಇಳಿಸಬೇಡಿ. ಎಣ್ಣೆ ಮೇಲೆ ತೇಲುತ್ತಿರುತ್ತದೆ, ಪ್ರೋಬಿನ ತುದಿ ಕೆಳಗಿನ ನೀರನ್ನಷ್ಟೇ ಕಡೆಯುತ್ತದೆ. ಮೊದಲು ಎಣ್ಣೆಯನ್ನೂ ಪಾಲಿಸಾರ್ಬೇಟನ್ನೂ ಕೂಡಿಸಿ, ಮ್ಯಾಗ್ನೆಟಿಕ್ ಸ್ಟರರಿನ ಮೇಲೆ ನೀರನ್ನು ಸ್ವಲ್ಪಸ್ವಲ್ಪ ಸೇರಿಸಿ ಹತ್ತು ಹದಿನೈದು ನಿಮಿಷ ತಿರುಗಿಸಿ. ಆಮೇಲೆ 13 ಮಿಲಿಮೀಟರ್ ಪ್ರೋಬಿನಲ್ಲಿ 60 ಪರ್ಸೆಂಟ್, ಆನ್ ಹೊತ್ತು ಐದು ನಿಮಿಷ, ದ್ರವ 30 ಡಿಗ್ರಿ ದಾಟದಂತೆ ಐಸಿನಲ್ಲಿ. ದಪ್ಪ ಬಿಳಿ ಬಣ್ಣ ತೆಳುವಾಗಿ, ಬೆಳಕಿಗೆ ಹಿಡಿದರೆ ನಸುನೀಲಿ ಛಾಯೆ ಕಂಡರೆ ಹನಿ ಸಣ್ಣದಾಗಿದೆ. ಏಲಕ್ಕಿಯ ಪರಿಮಳದ ಮುಖ್ಯ ಭಾಗಗಳಾದ ಸಿನಿಯೋಲ್ ಮತ್ತು ಟರ್ಪಿನೈಲ್ ಅಸಿಟೇಟ್ ಎರಡೂ ಹಾರಿಹೋಗುವಂಥವು. ಕೋಣೆಯೆಲ್ಲ ಘಮಘಮ ಎನ್ನತೊಡಗಿದರೆ ಬೀಕರಿನಿಂದ ಎಣ್ಣೆ ಹೊರಟಿದೆ ಎಂದು ತಿಳಿದು ಐಸು ಹೆಚ್ಚಿಸಿ. ಹತ್ತು ನಿಮಿಷ ದಾಟಿಸಿದರೆ ಹನಿ ಇನ್ನೂ ಸಣ್ಣದಾಗುವ ಬದಲು ಒಂದಕ್ಕೊಂದು ಢಿಕ್ಕಿ ಹೊಡೆದು ಮತ್ತೆ ಕೂಡುವುದೂ ಉಂಟು.

ಮಣ್ಣಿನ ಕೆಲಸಕ್ಕೆ ಈ ಯಂತ್ರ ನಿಜಕ್ಕೂ ಮೇಲು. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿಯ ಕಣಗಳನ್ನು ಕಬ್ಬಿಣದ ಆಕ್ಸೈಡ್ ಗಂಟು ಹಾಕಿರುತ್ತದೆ. ರಾತ್ರಿಯಿಡೀ ಅಲುಗಾಡಿಸಿದರೂ ಕೆಲವು ಬಿಡುವುದಿಲ್ಲ. ಇಲ್ಲಿ ನಿಮಿಷದ ಲೆಕ್ಕ ಬಿಟ್ಟು ಜೌಲಿನ ಲೆಕ್ಕ ಹಿಡಿಯಬೇಕು. ಮೇಲೆ ಹೇಳಿದ ಹಾಗೆ ಅಳೆದ ವ್ಯಾಟ್ 60 ಇದ್ದು, 100 ಮಿಲಿಲೀಟರಿಗೆ 300 ಸೆಕೆಂಡ್ ಕೊಟ್ಟರೆ 18,000 ಜೌಲ್, ಅಂದರೆ ಮಿಲಿಲೀಟರಿಗೆ 180 ಜೌಲ್. ಹೀಗೆ ಬರೆದ ಫಲಿತಾಂಶವನ್ನು ಮತ್ತೊಂದು ಲ್ಯಾಬು ತನ್ನ ಯಂತ್ರದಲ್ಲಿ ಮರಳಿ ಮಾಡಬಹುದು. ಶಕ್ತಿ ಅತಿಯಾದರೆ ಎಲೆಗೊಬ್ಬರದ ದೊಡ್ಡ ಚೂರುಗಳೂ ಪುಡಿಯಾಗಿ ಜೇಡಿಯ ಪಾಲಿಗೆ ಸೇರಿ ಲೆಕ್ಕ ತಪ್ಪುತ್ತದೆ. ಮರಳಿನ ಕಣ ಟಿಪ್ಪನ್ನು ಬೇಗ ಸವೆಸುವುದರಿಂದ ಮಣ್ಣಿಗೆಂದೇ ಒಂದು ಟಿಪ್ ಬೇರೆ ಇಡಬೇಕು, ಡಬ್ಬಿಯ ಮೇಲೆ ಹೆಸರು ಬರೆದು. ಇನ್ನೊಂದು ಎಚ್ಚರ: ಮಣ್ಣಿನ ಲ್ಯಾಬಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಬಳಸುವುದಿದ್ದರೆ ಅದರ ಹತ್ತಿರಕ್ಕೂ ಪ್ರೋಬ್ ಹೋಗಬಾರದು, ಆ ಆಮ್ಲ ಟೈಟಾನಿಯಂ ತಿನ್ನುತ್ತದೆ. ಕಾಚಂಪುಳಿಯಂಥ ಹಣ್ಣಿನ ಹುಳಿಯಿಂದ ಅದಕ್ಕೆ ಏನೂ ಆಗುವುದಿಲ್ಲ.

ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ 5 ಮಿಲಿಲೀಟರ್ ಬಫರಿನಲ್ಲಿ 3 ಮಿಲಿಮೀಟರ್ ಟಿಪ್, 30 ಪರ್ಸೆಂಟ್, ಮೇಲಿನ ಪಲ್ಸೇ ಸಾಕು. ಮೊಸರು ನೀರಿನ ಹಾಗಿದ್ದದ್ದು ತಿಳಿಯಾಗುತ್ತ ಬಂದರೆ ಕೋಶ ಒಡೆದಿದೆ. ಮೊದಲು ಲೋಳೆಲೋಳೆಯಾಗುವುದು ಡಿಎನ್‌ಎ ಹೊರಬಂದದ್ದರಿಂದ. ಇನ್ನೂ ಕೆಲವು ಪಲ್ಸ್ ಕೊಟ್ಟರೆ ಅದು ತುಂಡಾಗಿ ದ್ರವ ಮತ್ತೆ ಸಡಿಲವಾಗುತ್ತದೆ. ಬ್ಯಾಸಿಲಸ್ ಗಟ್ಟಿ ಗೋಡೆಯದು, ಮೊದಲು ಆ ಗೋಡೆ ಸಡಿಲಿಸುವ ಲೈಸೋಜೈಮ್ ಹಾಕಿ ನೆನೆಸಿ. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಬಳಸುವ ಟ್ರೈಕೋಡರ್ಮಾ ಶಿಲೀಂಧ್ರದ ಎಳೆಗಳನ್ನು ಬರೀ ಸಾನಿಕೇಟರಿನಿಂದ ಒಡೆಯಲು ಹೊರಟರೆ ಟಿಪ್ ಸವೆಯುತ್ತದೆ, ಎಳೆ ಉಳಿಯುತ್ತದೆ. ಅದಕ್ಕೆ ದ್ರವ ಸಾರಜನಕದಲ್ಲಿ ಅರೆಯುವುದು ಅಥವಾ ಗಾಜಿನ ಮಣಿಯಲ್ಲಿ ಕುಲುಕುವುದೇ ಸರಿ. ಯಾವುದೇ ಕೋಶ ಒಡೆದ ಮೇಲೂ ಸೆಂಟ್ರಿಫ್ಯೂಜ್ ಬಿಡಬೇಡಿ, ಟಿಪ್ಪಿನಿಂದ ಉದುರಿದ ಟೈಟಾನಿಯಂ ಪುಡಿ ಬೂದು ಬಣ್ಣದಲ್ಲಿ ತಳ ಹಿಡಿಯುತ್ತದೆ.

ಹಸಿ ಕಾಫಿ ಬೀಜದ ಸಾರ ತೆಗೆಯುವ ಬಗ್ಗೆ ಒಂದೇ ಮಾತು. ಗುಳ್ಳೆ ಕುಸಿಯುವಾಗ ನೀರೇ ಒಡೆದು ಹೈಡ್ರಾಕ್ಸಿಲ್ ರ್ಯಾಡಿಕಲ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಕ್ಲೋರೋಜೆನಿಕ್ ಆಮ್ಲದಂಥ ಪಾಲಿಫಿನಾಲುಗಳಿಗೆ ಅದು ಪೆಟ್ಟು. ಎರಡು, ನಾಲ್ಕು, ಎಂಟು ನಿಮಿಷಕ್ಕೆ ಮಾದರಿ ತೆಗೆದು ಅಳೆದು, ಏರುತ್ತಿದ್ದ ಅಂಕಿ ಇಳಿಯತೊಡಗುವ ಮೊದಲು ನಿಲ್ಲಿಸಬೇಕು. ಗ್ರಾಹಕರಿಗೆ ಕೊಡುವ ಕೆಫೀನ್ ವರದಿಗೆ ನಿಗದಿಯಾದ ಪ್ರಮಾಣಿತ ವಿಧಾನವೇ ಬೇಕು. ಸಾನಿಕೇಟರ್ ಬೇಗ ಆಗುತ್ತದೆಂದು ಅದರ ಜಾಗಕ್ಕೆ ಇದನ್ನು ತರುವಂತಿಲ್ಲ.

ಪೈಪರಿನ್ ತೆಗೆಯುವವರು ಮುಂದಿನದನ್ನು ಎರಡು ಸಲ ಓದಬೇಕು. ಪೈಪರಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಆದ್ದರಿಂದ ಎಥನಾಲ್ ಬೇಕು. ಎಥನಾಲಿನ ಆವಿ ಕಿಡಿಗೆ ಹತ್ತಿಕೊಳ್ಳುವ ತಾಪ ಸುಮಾರು 17 ಡಿಗ್ರಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿನ ಕಡಿಮೆ ಗಾಳಿಯೊತ್ತಡದಲ್ಲಿ ಇದು ಇನ್ನೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅಂದರೆ ನಮ್ಮ ಚಳಿಯ ಕೋಣೆಯಲ್ಲೂ ಅದು ಹತ್ತಿಕೊಳ್ಳಬಲ್ಲದು. ಬಿಸಿ ತುದಿ, ಮೇಲೇಳುವ ಹನಿಮಂಜು, ಬೀಕರಿನ ನೆತ್ತಿಯ ಮೇಲೆಯೇ ಹೈ ವೋಲ್ಟೇಜಿನ ಕನ್ವರ್ಟರ್. ಈ ಯಂತ್ರ ಸ್ಫೋಟ ತಡೆಯುವ ಬಗೆಯದಲ್ಲ. ಫ್ಯೂಮ್ ಹುಡ್ಡಿನಲ್ಲಿ, ಐಸಿನಲ್ಲಿ, ಸಣ್ಣ ಪಲ್ಸಿನಲ್ಲಿ, 50 ಮಿಲಿಲೀಟರಿನ ಆಸುಪಾಸು ಮಾತ್ರ ನಡೆಸಿ. ಹತ್ತಿರ ಹಾಟ್‌ಪ್ಲೇಟ್, ಬರ್ನರ್ ಇರಬಾರದು, ಎದ್ದುಹೋಗಬಾರದು, ಬೀಕರಿನ ಬಾಯನ್ನು ಬಿಗಿಯಾಗಿ ಮುಚ್ಚಬಾರದು. ಹೆಕ್ಸೇನ್, ಅಸಿಟೋನ್, ಈಥರ್ ಬೇಡವೇ ಬೇಡ. ಇನ್ನೊಂದು, ಯಂತ್ರದ ಜೊತೆ ಬರುವ 13 ಮಿಲಿಮೀಟರ್ ಪ್ರೋಬಿನ ಟಿಪ್ ಬಿಚ್ಚುವಂಥದ್ದು. ಎಥನಾಲಿನ ಮೇಲ್ಮೈ ಸೆಳೆತ ಕಡಿಮೆಯಾದ್ದರಿಂದ ಅದು ಟಿಪ್ಪಿನ ತಿರುಪಿನೊಳಗೆ ನುಸುಳಿ, ಸಂದನ್ನು ಸಡಿಲಿಸಿ, ಪ್ರೋಬಿಗೇ ಹಾನಿ ಮಾಡುತ್ತದೆ. ದ್ರಾವಕಕ್ಕೆ ಟಿಪ್ ಬಿಚ್ಚಲಾಗದ, ಒಂದೇ ತುಂಡಿನ ಸಾಲಿಡ್ ಪ್ರೋಬ್ ಬೇಕು. ಪಾಲಿಸಾರ್ಬೇಟ್ ಹಾಕಿದ ಎಮಲ್ಷನ್ನಿಗೂ ಅದೇ ಒಳ್ಳೆಯದು.

ಸದ್ದು. 20 ಕಿಲೋಹರ್ಟ್ಸ್ ಕಿವಿಗೆ ಕೇಳದು ಎಂದು ಕೆಲವರು ಹೇಳುತ್ತಾರೆ. ಗುಳ್ಳೆ ಕುಸಿಯುವ ಸದ್ದು ಅದರ ಕೆಳಗಿನ ಎಲ್ಲ ಸ್ವರದಲ್ಲೂ ಇರುತ್ತದೆ, ಮಿಡತೆಯ ಕಿರಿಚಾಟದ ಹಾಗೆ ತಲೆಯೊಳಗೆ ಕೊರೆಯುತ್ತದೆ. ಸದ್ದು ತಡೆಯುವ ಪೆಟ್ಟಿಗೆಯನ್ನು ಯಂತ್ರದ ಜೊತೆಗೇ ಕೊಳ್ಳಿ. ಇಯರ್‌ಮಫ್ ಅದರ ಜೊತೆಗೂ ಬೇಕು, ಪಕ್ಕದ ಮೇಜಿನವರಿಗೂ ಬೇಕು. ರೋಗಾಣುವಿನ ಮಾದರಿಗೆ ಈ ಪೆಟ್ಟಿಗೆ ಸಾಲದು. ಹನಿಮಂಜು ಕಣ್ಣಿಗೆ ಕಾಣದೆ ತೇಲುತ್ತದೆ, ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೇ ನಡೆಸಿ, ನಿಂತ ಮೇಲೂ ಹತ್ತು ನಿಮಿಷ ಬಿಟ್ಟು ತೆಗೆಯಿರಿ.

ಕಕ್ಕಡದ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯ ದಿನಗಳಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ನಾಡು ಇದು. ಕನ್ವರ್ಟರಿನಲ್ಲಿ ಹೈ ವೋಲ್ಟೇಜ್ ಇರುವುದರಿಂದ ಒಳಗೆ ತೇವ ಸೇರಿದರೆ ಹರಳಿನ ಅಂಚಿನಲ್ಲಿ ಕಿಡಿ ಹಾರಿ ಅದು ಕೆಡುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಲಸ ಮುಗಿದ ಕೂಡಲೇ ಪ್ರೋಬ್ ಬಿಚ್ಚಿ, ಮುಖ ಒರೆಸಿ, ಕನ್ವರ್ಟರನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್ಲಿನ ಬಣ್ಣ ಬದಲಾದರೆ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ತಣ್ಣನೆಯ ಕೋಣೆಯಿಂದ ಹೊರತಂದ ಕನ್ವರ್ಟರಿನ ಮೇಲೆ ಬೆವರಿನ ಹಾಗೆ ನೀರು ಕೂರುತ್ತದೆ, ಅರ್ಧ ಗಂಟೆ ಬಿಟ್ಟೇ ಜೋಡಿಸಿ. ಉದ್ದನೆಯ ಓಟದಲ್ಲಿ ಕನ್ವರ್ಟರ್ ತಂಪಿಡಲು ಗಾಳಿ ಕೊಡುವುದಾದರೆ ಆ ಗಾಳಿ ಒಣಗಿದ್ದು, ಎಣ್ಣೆಯಿಲ್ಲದ್ದು ಆಗಿರಬೇಕು. ಸಾಧಾರಣ ಕಂಪ್ರೆಸರಿನ ಗಾಳಿಯಲ್ಲಿ ಮಳೆಗಾಲಕ್ಕೆ ನೀರೇ ಬರುತ್ತದೆ, ನಡುವೆ ಡ್ರೈಯರ್ ಬೇಕು.

ಕರೆಂಟು ಹೋಗಿ ಬರುವುದು ಮಳೆಗಾಲದಲ್ಲಿ ದಿನದ ಮಾತು. ಸೈನ್ ವೇವ್ ಕೊಡುವ 2 ಕೆವಿಎ ಆನ್‌ಲೈನ್ ಯುಪಿಎಸ್ ಇರಲಿ, ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇದನ್ನು ಹಚ್ಚಬೇಡಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. ಕೆಂಪು ಕಲ್ಲಿನ ನೆಲದಲ್ಲಿ ಮಳೆಗಾಲಕ್ಕೆ ಚೆನ್ನಾಗಿದ್ದ ಅರ್ಥಿಂಗ್ ಮಾರ್ಚ್–ಏಪ್ರಿಲ್‌ಗೆ ಒಣಗಿರುತ್ತದೆ. ಓಟದ ನಡುವೆ ಕರೆಂಟು ಹೋದರೆ ಯುಪಿಎಸ್ ನಡೆಯುತ್ತಿರುವಾಗಲೇ ಆಗಿದ್ದ ಜೌಲ್ ಬರೆದಿಟ್ಟು, ಸ್ವಿಚ್ ಆಫ್ ಮಾಡಿ; ಕರೆಂಟು ಬಂದ ಮೇಲೆ ಪ್ರೋಬ್ ದ್ರವದಲ್ಲಿದೆಯೇ ನೋಡಿ, ಮತ್ತೆ ಶುರು ಮಾಡಿ.

ಓವರ್‌ಲೋಡ್ ದೀಪ ಹತ್ತಿದರೆ ಗಾಬರಿಯಾಗಬೇಡಿ. ಆಫ್ ಮಾಡಿ, ಪ್ರೋಬ್ ಬಿಚ್ಚಿ, ಎರಡೂ ಮುಖ ಒರೆಸಿ, ಮತ್ತೆ ಬಿಗಿದು ನೋಡಿ. ಹೆಚ್ಚಿನ ಸಲ ಅಲ್ಲಿಗೇ ಸರಿಹೋಗುತ್ತದೆ. ಇಲ್ಲವಾದರೆ ಟಿಪ್ ಸಡಿಲವೋ, ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕಿದೆಯೋ ಎಂದು ಭೂತಕನ್ನಡಿಯಲ್ಲಿ ನೋಡಿ. ಆಮೇಲೆ ಸರಿಯಿದೆ ಎಂದು ಗೊತ್ತಿರುವ ಮತ್ತೊಂದು ಪ್ರೋಬ್ ಹಾಕಿ. ದೀಪ ಆಗಲೂ ಹತ್ತಿದರೆ ತೊಂದರೆ ಕನ್ವರ್ಟರಿನಲ್ಲೋ ಸಪ್ಲೈಯಲ್ಲೋ ಇದೆ. ಅದನ್ನು ಬಿಚ್ಚುವುದು ಸರ್ವೀಸಿನವರ ಕೆಲಸ. ಪ್ಲಗ್ ತೆಗೆದ ಮೇಲೂ ಒಳಗೆ ಕೊಲ್ಲುವಷ್ಟು ವೋಲ್ಟೇಜ್ ಉಳಿದಿರಬಹುದು. ಸವೆದ ಟಿಪ್ಪನ್ನು ಅರದಿಂದ ತಿಕ್ಕಿ ನಯ ಮಾಡುವ ಉಪಾಯವೂ ಬೇಡ. ಉದ್ದ ಕಡಿಮೆಯಾದಷ್ಟೂ ಅದು 20 ಕಿಲೋಹರ್ಟ್ಸಿಗೆ ಹೊಂದದೆ ಹೋಗುತ್ತದೆ.

ಕೊಟೇಶನ್ನಿನಲ್ಲಿ ‘750 ವ್ಯಾಟ್ ಸಾನಿಕೇಟರ್, ಒಂದು’ ಎಂದು ಬರೆದು ಬಿಟ್ಟರೆ ಬರುವುದು ಸಪ್ಲೈ, ಕನ್ವರ್ಟರ್, ಟಿಪ್ ಬಿಚ್ಚುವ ಒಂದು ಪ್ರೋಬ್, ಸ್ಪ್ಯಾನರುಗಳು. ಸಾಲಿಡ್ ಪ್ರೋಬ್, 3 ಮಿಲಿಮೀಟರ್ ಮೈಕ್ರೋಟಿಪ್, ತಾಪದ ಪ್ರೋಬ್, ಸದ್ದು ತಡೆಯುವ ಪೆಟ್ಟಿಗೆ, ಎರಡು ಬಿಡಿ ಟಿಪ್ಪು ಇಷ್ಟನ್ನೂ ಒಂದೊಂದು ಸಾಲಾಗಿ ಬರೆಯಿಸಿ. ಸರ್ಕಾರಿ ಖರೀದಿಯಾದರೆ ಬಿಡಿಭಾಗಕ್ಕೆ ಆಮೇಲೆ ಮತ್ತೆ ಮಂಜೂರಾತಿ ಪಡೆಯುವಷ್ಟರಲ್ಲಿ ಒಂದು ಹಂಗಾಮು ಕಳೆದಿರುತ್ತದೆ. 250 ಮಿಲಿಲೀಟರ್ ದಾಟದ, ದಿನಕ್ಕೆ ಒಂದೆರಡು ಮಾದರಿಯ ಲ್ಯಾಬಿಗೆ ಇದೇ ಸಾಲಿನ 500 ವ್ಯಾಟಿನ ಯಂತ್ರ ಧಾರಾಳ ಸಾಕು. ಉಳಿದ ಹಣ ಪ್ರೋಬಿಗೆ, ಪೆಟ್ಟಿಗೆಗೆ ಹಾಕುವುದು ಜಾಣತನ. ಜೇನಿನ ಮಂದ ದ್ರವ, ದೊಡ್ಡ ಬೀಕರಿನ ಎಮಲ್ಷನ್ ಹೆಚ್ಚಿದ್ದರೆ ಮಾತ್ರ 750ಕ್ಕೆ ಅರ್ಥವಿದೆ. ಜೇನನ್ನಾದರೂ ನೀರು ಸೇರಿಸಿ ತೆಳು ಮಾಡಿಯೇ ಪ್ರೋಬ್ ಇಳಿಸಬೇಕು.

ಸರ್ವೀಸ್ ಎಂಜಿನಿಯರ್ ಬರುವುದು ಸಾಮಾನ್ಯವಾಗಿ ಬೆಂಗಳೂರಿನಿಂದ. ಕೊಡಗಿಗೆ ರೈಲಿಲ್ಲ, 2018ರ ಆಗಸ್ಟಿನ ಹಾಗೆ ಗುಡ್ಡ ಕುಸಿದರೆ ರಸ್ತೆಯೂ ಇಲ್ಲ. ಬಿಡಿ ಟಿಪ್ಪು, ಸಿಲಿಕಾ ಜೆಲ್, ಫ್ಯೂಸು ಮೇ ತಿಂಗಳು ಮುಗಿಯುವುದರೊಳಗೆ ಕಪಾಟಿನಲ್ಲಿರಬೇಕು. ಕನ್ವರ್ಟರನ್ನು ರಿಪೇರಿಗೆ ಕಳಿಸುವಾಗ ಪ್ರೋಬ್ ಬಿಚ್ಚಿ, ಮೂಲ ಪೆಟ್ಟಿಗೆಯ ಫೋಮಿನಲ್ಲೇ ಇಟ್ಟು ಕಳಿಸಿ. ಪ್ರೋಬ್ ತಗುಲಿಸಿಯೇ ಕಳಿಸಿದರೆ ದಾರಿಯ ಕುಲುಕಾಟವೆಲ್ಲ ಆ ಸಂದಿನ ಮೇಲೇ ಬೀಳುತ್ತದೆ.